ಟಿ.ಬಿ. ಗುಳಿಗೆ ತಪ್ಪದಂತೆ ನೋಡಿಕೊಳ್ಳಲು ಫೋನ್ ಬಳಸುವುದು ಹೇಗೆ? ಉತ್ತರ ಕನ್ನಡದ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಟಿ.ಬಿ. ಗುಳಿಗೆ ಶುರುಮಾಡಿದ ಮೊದಲ ದಿನಗಳಲ್ಲಿ ಯಾರೂ ಮರೆಯುವುದಿಲ್ಲ. ಕೆಮ್ಮು ಇರುತ್ತದೆ, ಸಂಜೆಯಾದರೆ ಜ್ವರ, ಜೊತೆಗೆ ಹೆದರಿಕೆ. ಅವೇ ನೆನಪು ಮಾಡಿಕೊಡುತ್ತವೆ. ಕಷ್ಟ ಇರುವುದು ಮುಂದೆ. ಕೆಲವು ವಾರ ಕಳೆಯುವಷ್ಟರಲ್ಲಿ ಜ್ವರ ಬಿಟ್ಟಿರುತ್ತದೆ, ಊಟ ಸೇರುತ್ತದೆ, ತೂಕ ಏರುತ್ತದೆ. ಮೀನುಗಾರನಿಗೆ ಬೋಟಿನ ಕರೆ ಬರುತ್ತದೆ, ತೋಟದವನಿಗೆ ಅಡಿಕೆ ಕೊಯ್ಲು ಕಾದಿರುತ್ತದೆ. "ಈಗ ಆರಾಮಿದ್ದೇನಲ್ಲ, ಇನ್ನೂ ಎಷ್ಟು ದಿನ ನುಂಗೋದು?" ಅನ್ನುವ ಮಾತು ಹೊರಡುವುದು ಆಗಲೇ.

ಆರಾಮಾಗಿದ್ದು ಸುಳ್ಳಲ್ಲ. ಆದರೆ ಒಳಗಿನ ಕೆಲಸ ಮುಗಿದಿರುವುದಿಲ್ಲ. ಬೇಗ ಬೆಳೆಯುವ ರೋಗಾಣುಗಳು ಮೊದಲ ವಾರಗಳಲ್ಲೇ ಸಾಯುತ್ತವೆ. ಸದ್ದಿಲ್ಲದೆ ಕೂತವು ಉಳಿಯುತ್ತವೆ. ಅವನ್ನು ಮುಗಿಸಲು ಆರು ತಿಂಗಳು ಬೇಕು. ನಡುವೆ ನಿಲ್ಲಿಸಿದರೆ ಕಾಯಿಲೆ ಮರಳಬಹುದು. ಬಿಟ್ಟು ಬಿಟ್ಟು ತಗೊಂಡರೆ ಗುಳಿಗೆಗೇ ಬಗ್ಗದ ಟಿ.ಬಿ. ಹುಟ್ಟಬಹುದು, ಅದು ಮನೆಯ ಇನ್ನೊಬ್ಬರಿಗೂ ಹರಡಬಹುದು.

ಇದಕ್ಕೆ ಫೋನ್ ಏನು ಮಾಡಬಲ್ಲದು ಅಂತ ಕೇಳಿದರೆ ಎಲ್ಲರೂ ಹೇಳುವುದು ಅಲಾರಾಂ. ಅಲಾರಾಂ ಬೇಕು, ಆದರೆ ಬರೀ ಅದರ ಮೇಲೆ ನನಗೆ ಜಾಸ್ತಿ ನಂಬಿಕೆ ಇಲ್ಲ. ಮರೆತು ಒಂದು ದಿನ ತಪ್ಪಿಸುವವರು ಮರುದಿನ ಸರಿಹೋಗುತ್ತಾರೆ. ಪೂರ್ತಿ ಬಿಡುವವರು ಹೊಟ್ಟೆ ತೊಳೆಸಿ ಬಿಡುತ್ತಾರೆ, ಬೇಸತ್ತು ಬಿಡುತ್ತಾರೆ, ಕೆಲಸಕ್ಕೆ ಗೋವೆಗೆ ಹೋದಾಗ ಗುಳಿಗೆ ಖಾಲಿಯಾಗಿ ಬಿಡುತ್ತಾರೆ, ಯಾರಾದರೂ ನೋಡಿಯಾರು ಅಂತ ಬಿಡುತ್ತಾರೆ. ಅಲಾರಾಂ ಎಷ್ಟು ಕೂಗಿದರೂ ಈ ಕಾರಣಗಳು ಹಾಗೇ ಇರುತ್ತವೆ. 2015ರಲ್ಲಿ ಚೀನಾದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಕೆಲವರಿಗೆ ಬರೀ ನೆನಪಿನ ಮೆಸೇಜು ಕಳಿಸಿದರು. ಕೆಲವರಿಗೆ ತೆರೆದದ್ದನ್ನು ದಾಖಲಿಸುವ ಗುಳಿಗೆ ಡಬ್ಬಿ ಕೊಟ್ಟರು, ಆ ದಾಖಲೆಯನ್ನು ವೈದ್ಯರು ನೋಡುತ್ತಿದ್ದರು. ಬರೀ ಮೆಸೇಜಿನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಡಬ್ಬಿ ಸಿಕ್ಕವರು ಗುಳಿಗೆ ತಪ್ಪಿಸುವುದು ಕಡಿಮೆಯಾಯಿತು.

ಹಾಗಾಗಿ ಕೆಳಗಿನ ಪ್ರತಿ ಹೆಜ್ಜೆಯ ಗುರಿ ಒಂದೇ. ಇವತ್ತು ಗುಳಿಗೆ ತಪ್ಪಿದರೆ ಇವತ್ತೇ ಒಬ್ಬ ಮನುಷ್ಯನಿಗೆ ಗೊತ್ತಾಗಬೇಕು, ಆ ಮನುಷ್ಯ ಫೋನ್ ಎತ್ತಿ ಕೇಳಬೇಕು. ಇದಕ್ಕೆ ದೊಡ್ಡ ಫೋನ್ ಬೇಕಿಲ್ಲ, ಬಟನ್ ಫೋನೂ ಸಾಕು.

ಹೆಜ್ಜೆ 1: ಮೊದಲು ಗುಳಿಗೆ ಅರ್ಥವಾಗಲಿ

ಸಾಮಾನ್ಯ ಟಿ.ಬಿ.ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವುದು ಹಲವು ಮದ್ದು ಒಂದರಲ್ಲೇ ಸೇರಿಸಿದ ಗುಳಿಗೆ. ಮೊದಲ ಎರಡು ತಿಂಗಳು ಅದರಲ್ಲಿ ನಾಲ್ಕು ಮದ್ದು ಇರುತ್ತವೆ: ಐಸೋನಿಯಾಜಿಡ್, ರಿಫಾಂಪಿಸಿನ್, ಪಿರಾಜಿನಮೈಡ್, ಎಥಾಂಬುಟಾಲ್. ಮುಂದಿನ ನಾಲ್ಕು ತಿಂಗಳು ಪಿರಾಜಿನಮೈಡ್ ಇಲ್ಲದೆ ಉಳಿದ ಮೂರು. ದಿನಕ್ಕೆ ಎಷ್ಟು ಗುಳಿಗೆ ಅನ್ನುವುದು ತೂಕದ ಮೇಲೆ ಹೋಗುತ್ತದೆ. ದೊಡ್ಡವರಲ್ಲಿ 35ರಿಂದ 49 ಕಿಲೋ ಇದ್ದವರಿಗೆ 3, 50ರಿಂದ 64 ಕಿಲೋ ಇದ್ದವರಿಗೆ 4. ಎಲ್ಲವನ್ನೂ ಒಂದೇ ಹೊತ್ತಿಗೆ ನುಂಗಬೇಕು. ಬೆಳಿಗ್ಗೆ ಎರಡು, ರಾತ್ರಿ ಎರಡು ಅಂತ ಹಂಚಿಕೊಳ್ಳುವ ಹಾಗಿಲ್ಲ.

ಇನ್ನೊಂದು ಮಾತು. ಊರಿನಲ್ಲಿ ಹಿಂದೆ ಟಿ.ಬಿ.ಯಿಂದ ಗುಣವಾದ ಹಿರಿಯರು "ದಿನ ಬಿಟ್ಟು ದಿನ ತಗೊಂಡರೆ ಸಾಕು, ನಾನು ಹಾಗೇ ತಗೊಂಡಿದ್ದೆ" ಅನ್ನಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಆಗ ವಾರಕ್ಕೆ ಮೂರು ದಿನದ ಕ್ರಮ ಇತ್ತು. 2017ರಿಂದ ದೇಶದ ಎಲ್ಲ ಕಡೆ ದಿನವೂ ಗುಳಿಗೆ. ಹಳೆಯ ಲೆಕ್ಕ ಈಗ ನಡೆಯುವುದಿಲ್ಲ.

ಈಗ ಫೋನಿನ ಮೊದಲ ಕೆಲಸ, ಫೋಟೋ. ಚಿಕಿತ್ಸೆಯ ಕಾರ್ಡು, ಕಫ ಪರೀಕ್ಷೆಯ ವರದಿ, ಗುಳಿಗೆ ಹಾಳೆಯ ಎರಡೂ ಬದಿ, ಸಕ್ಕರೆ ಕಾಯಿಲೆಗೋ ಬಿ.ಪಿ.ಗೋ ತಗೊಳ್ಳುವ ಬೇರೆ ಗುಳಿಗೆಗಳು, ಎಲ್ಲದರ ಫೋಟೋ ತೆಗೆದಿಡಿ. ರಿಫಾಂಪಿಸಿನ್ ಬೇರೆ ಹಲವು ಮದ್ದುಗಳ ಬಲ ಇಳಿಸುತ್ತದೆ. ಗರ್ಭನಿರೋಧಕ ಗುಳಿಗೆ ಅದರಲ್ಲಿ ಒಂದು, ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳೂ ಹಾಗೇ. ಫೋಟೋ ತೋರಿಸಿದರೆ ಡಾಕ್ಟರಿಗೆ ಗೊತ್ತಾಗುತ್ತದೆ. ಘಟ್ಟದ ಮೇಲೆ ನಾಟಿ ಮದ್ದು, ಕಷಾಯ ಕುಡಿಯುವವರು ಜಾಸ್ತಿ ಅಲ್ವಾ, ಅದನ್ನೂ ಮುಚ್ಚಿಡದೆ ಹೇಳಿ.

ಕಾರ್ಡಿನಲ್ಲಿ ನಿಕ್ಷಯ್ ಐಡಿ ಅಂತ ಒಂದು ಸಂಖ್ಯೆ ಇರುತ್ತದೆ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ನಿಕ್ಷಯ್ ಅನ್ನುವುದು 2012ರಿಂದ ನಡೆಯುತ್ತಿರುವ ಸರ್ಕಾರದ ಟಿ.ಬಿ. ದಾಖಲೆ ವ್ಯವಸ್ಥೆ. ಕಾರವಾರದಲ್ಲಿ ಹೆಸರು ಬರೆಸಿದವನು ಮಡಗಾಂವಿನಲ್ಲೋ ಹುಬ್ಬಳ್ಳಿಯಲ್ಲೋ ಗುಳಿಗೆ ಕೇಳಬೇಕಾದರೆ ಕೈಯಲ್ಲಿ ಈ ಸಂಖ್ಯೆ ಇರಬೇಕು. ಇದನ್ನು ಫೋನಿನ ಕಾಂಟ್ಯಾಕ್ಟಿನಲ್ಲಿ ಒಂದು ಹೆಸರು ಕೊಟ್ಟು ಉಳಿಸಿಕೊಳ್ಳಿ. ಆಮೇಲೆ ಈ ನಂಬರುಗಳನ್ನೂ ಹಾಕಿಕೊಳ್ಳಿ: ನಿಮ್ಮ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲೂಕಿನ ಟಿ.ಬಿ. ಮೇಲ್ವಿಚಾರಕರು (ಆಸ್ಪತ್ರೆಯಲ್ಲಿ ಎಸ್‌ಟಿಎಸ್ ಅಂತ ಕೇಳಿದರೆ ತೋರಿಸುತ್ತಾರೆ), ನಿಕ್ಷಯ್ ಸಂಪರ್ಕ ಸಹಾಯವಾಣಿ 1800-11-6666. ಸಹಾಯವಾಣಿಗೆ ಮಾಡುವ ಕರೆಗೆ ದುಡ್ಡಿಲ್ಲ.

ಹೆಜ್ಜೆ 2: ಫೋನಿನ ಆಚೆ ಯಾರಿರಬೇಕು?

ಇಡೀ ಮಾರ್ಗದರ್ಶಿಯಲ್ಲಿ ಮುಖ್ಯವಾದದ್ದು ಇದೇ. ದಿನವೂ ವಿಚಾರಿಸುವ ಒಬ್ಬ ಜೊತೆಗಾರ ಬೇಕು.

ಹೆಂಡತಿ, ಮಗ, ಅಣ್ಣ ಅಂತ ಸಂಬಂಧ ನೋಡಿ ಆರಿಸಬೇಡಿ. ಯಾರ ಫೋನ್ ಬಂದರೆ ರೋಗಿ ಎತ್ತುತ್ತಾನೆ ಅನ್ನುವುದನ್ನು ನೋಡಿ. ಬೈಯುವವರು ಬೇಡ. ಬೈದರೆ ನಾಲ್ಕನೇ ದಿನಕ್ಕೆ ರೋಗಿ "ಹ್ಞೂಂ, ತಗೊಂಡೆ" ಅಂತ ಸುಳ್ಳು ಹೇಳಲು ಕಲಿಯುತ್ತಾನೆ. ಅಲ್ಲಿಗೆ ವ್ಯವಸ್ಥೆ ಮುಗಿಯಿತು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಮಗಳು ಬೆಂಗಳೂರಿನಿಂದ ಫೋನ್ ಮಾಡಿ ವಿಚಾರಿಸುವುದು ಚೆನ್ನಾಗೇ ನಡೆಯುತ್ತದೆ. ಆದರೆ ಅಪ್ಪ ಫೋನ್ ಎತ್ತದಿದ್ದ ದಿನ ಮನೆತನಕ ಹೋಗಿ ನೋಡುವವರು ಊರಿನಲ್ಲೂ ಒಬ್ಬರು ಇರಬೇಕು. ಆಶಾ ಕಾರ್ಯಕರ್ತೆ ಆಗಬಹುದು, ಪಕ್ಕದ ಮನೆಯವರಾಗಬಹುದು. ಇಬ್ಬರ ನಂಬರೂ ಇಬ್ಬರಲ್ಲೂ ಇರಲಿ.

ಜೊತೆಗಾರರು ಆಡುವ ಮಾತಿನ ಬಗ್ಗೆ ಸ್ವಲ್ಪ. "ಗುಳಿಗೆ ತಗೊಂಡ್ಯಾ ಇಲ್ವಾ?" ಅನ್ನುವುದು ಪೊಲೀಸರ ಪ್ರಶ್ನೆ. "ಮಾವ, ಇವತ್ತು ಹೊಟ್ಟೆ ಹೇಗಿದೆ? ಗುಳಿಗೆ ಆದಮೇಲೆ ವಾಂತಿ ಬಂದ ಹಾಗೆ ಆಯ್ತಾ?" ಅಂತ ಕೇಳಿದರೆ ಮಾವ ನಿಜ ಹೇಳುತ್ತಾರೆ. ತಗೊಳ್ಳದಿದ್ದರೆ "ಇವತ್ತು ತಗೊಳ್ಲಿಲ್ಲ ಮಾರಾಯ, ನಿನ್ನೆ ಭಾರೀ ಸಂಕಟ ಆಯ್ತು" ಅನ್ನುತ್ತಾರೆ. ಆ ಒಂದು ವಾಕ್ಯ ಸಿಗುವುದೇ ದೊಡ್ಡದು. ಏನು ಸರಿಮಾಡಬೇಕು ಅಂತ ಅದರಿಂದ ಗೊತ್ತಾಗುತ್ತದೆ.

ಹೆಜ್ಜೆ 3: ಹೊತ್ತು ಮತ್ತು ಅಲಾರಾಂ

ರಿಫಾಂಪಿಸಿನ್ ಮೈಗೆ ಚೆನ್ನಾಗಿ ಹತ್ತುವುದು ಖಾಲಿ ಹೊಟ್ಟೆಯಲ್ಲಿ. ತಿಂಡಿಗೆ ಒಂದು ಗಂಟೆ ಮೊದಲು ಅಥವಾ ಊಟವಾಗಿ ಎರಡು ಗಂಟೆ ಬಿಟ್ಟು ತಗೊಳ್ಳುವುದು ಒಳ್ಳೆಯದು. ಸಂಕಟ ತಡೆಯಲಾಗದಿದ್ದರೆ ಡಾಕ್ಟರನ್ನು ಕೇಳಿ, ಸ್ವಲ್ಪ ಗಂಜಿಯ ಜೊತೆ ತಗೊಂಡರೂ ಆಗುತ್ತದೆ. ಬಿಡುವುದಕ್ಕಿಂತ ಅದು ಸಾವಿರ ಪಾಲು ವಾಸಿ. ಎದೆಯುರಿಗೆ ಆಂಟಾಸಿಡ್ ತಗೊಳ್ಳುವವರು ಎರಡು ಗಂಟೆ ಅಂತರ ಇಡಿ. ಅದು ಟಿ.ಬಿ. ಮದ್ದನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಹೊತ್ತನ್ನು ಗಡಿಯಾರ ನೋಡಿ ಇಡುವುದಕ್ಕಿಂತ ದಿನವೂ ತಪ್ಪದೆ ಮಾಡುವ ಕೆಲಸಕ್ಕೆ ಕಟ್ಟಿ. ಹಲ್ಲುಜ್ಜಿದ ಮೇಲೆ, ಕೊಟ್ಟಿಗೆಯಲ್ಲಿ ಹಾಲು ಕರೆಯುವ ಮೊದಲು, ಹೀಗೆ. ಅಲಾರಾಂ ಆ ಹೊತ್ತಿಗೇ ಹೊಡೆಯಲಿ. 'ಪ್ರತಿದಿನ' ಅಂತ ಆರಿಸಿ. ಸುಮಾರು ಫೋನುಗಳಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಅಂತಲೂ ಒಂದು ಆಯ್ಕೆ ಇರುತ್ತದೆ, ಗೊತ್ತಿಲ್ಲದೆ ಅದನ್ನು ಒತ್ತಿದರೆ ಶನಿವಾರ ಭಾನುವಾರ ಎರಡೂ ತಪ್ಪುತ್ತವೆ. ಅರ್ಧ ಗಂಟೆ ಬಿಟ್ಟು ಎರಡನೇ ಅಲಾರಾಂ ಇಡಿ, ಬೇರೆ ಸದ್ದಿನದು. ಗುಳಿಗೆ ನುಂಗಿದವರು ಅದನ್ನು ಆ ದಿನಕ್ಕೆ ಮಾತ್ರ ನಿಲ್ಲಿಸಬೇಕು.

ಓದಲು ಬಾರದವರಿಗೆ ಮೊಮ್ಮಗಳ ದನಿಯನ್ನೇ ರೆಕಾರ್ಡ್ ಮಾಡಿ ಅಲಾರಾಂ ಸದ್ದಾಗಿ ಇಡಬಹುದು. "ಅಜ್ಜಾ, ಗುಳಿಗೆ" ಅಂತ ಕೊಂಕಣಿಯಲ್ಲೋ ಕನ್ನಡದಲ್ಲೋ ಹೇಳಿಸಿ. ಮನೆಯಲ್ಲಿ ಯಾವ ಮಾತೋ ಅದೇ ಇರಲಿ.

ಅಲಾರಾಂಗೆ ನೆಟ್‌ವರ್ಕ್ ಬೇಡ, ಚಾರ್ಜು ಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಘಟ್ಟದ ಊರುಗಳಲ್ಲಿ ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ. ಆ ತಿಂಗಳುಗಳಲ್ಲಿ ಒಂದು ಬಟನ್ ಫೋನನ್ನೇ ಗುಳಿಗೆಗೆ ಮೀಸಲಿಡಿ, ಅದರ ಚಾರ್ಜು ದಿನಗಟ್ಟಲೆ ಬರುತ್ತದೆ.

ಹೆಜ್ಜೆ 4: "ತಗೊಂಡೆ" ಅಂತ ತಿಳಿಸುವ ದಾರಿಗಳು

ಅತಿ ಸುಲಭದ್ದು ಮಿಸ್ಡ್ ಕಾಲ್. ಇದನ್ನು ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ. ಗುಳಿಗೆ ನುಂಗಿ ಜೊತೆಗಾರರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ "ಆಯ್ತು" ಅಂತ. ಎರಡು ಕೊಟ್ಟರೆ "ಏನೋ ತೊಂದರೆ, ನೀನೇ ಫೋನ್ ಮಾಡು" ಅಂತ. ಒಂಬತ್ತು ಗಂಟೆಯೊಳಗೆ ಒಂದೂ ಬರಲಿಲ್ಲವೋ, ಜೊತೆಗಾರರೇ ಕರೆ ಮಾಡಬೇಕು. ಜೊತೆಗಾರರು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಾ ಹೋಗಲಿ. ಫೋನಿನ ಕಾಲ್ ಪಟ್ಟಿ ತಾನಾಗಿ ಅಳಿದುಹೋಗುತ್ತದೆ, ಗೋಡೆಯ ಮೇಲಿನ ಗೆರೆ ಇರುತ್ತದೆ.

ಇದೇ ಮಿಸ್ಡ್ ಕಾಲ್ ಮೇಲೆ ನಿಂತ ದೊಡ್ಡ ವ್ಯವಸ್ಥೆಯೂ ಒಂದಿದೆ, ಅದರ ಹೆಸರು 99ಡಾಟ್ಸ್. ಹುಟ್ಟಿದ್ದು ಬೆಂಗಳೂರಿನಲ್ಲೇ. ಗುಳಿಗೆ ಹಾಳೆಗೆ ಒಂದು ಕಾಗದದ ಹೊದಿಕೆ ಅಂಟಿಸಿರುತ್ತಾರೆ. ಗುಳಿಗೆ ಒತ್ತಿ ತೆಗೆದಾಗ ಕಾಗದ ಹರಿದು ಹಿಂದೆ ಅಡಗಿದ್ದ ಫೋನ್ ನಂಬರು ಕಾಣುತ್ತದೆ. ಆ ನಂಬರಿಗೆ ಕರೆ ಮಾಡಿದರೆ ರೋಗಿಗೆ ಖರ್ಚಿಲ್ಲ, ನಿಕ್ಷಯ್‌ನಲ್ಲಿ ಆ ದಿನದ ಗುಳಿಗೆ ದಾಖಲಾಗುತ್ತದೆ. ಮುಂದಿನ ನಂಬರು ಯಾವುದು ಅಂತ ಹಾಳೆ ಒಡೆಯದೆ ಗೊತ್ತಾಗುವುದಿಲ್ಲ, ಅದೇ ಅದರ ಜಾಣತನ. ನಿಮಗೆ ಸಿಕ್ಕ ಹಾಳೆಗೆ ಅಂಥ ಹೊದಿಕೆ ಇದ್ದರೆ ಬಳಸಿ. ಆದರೆ ಅದನ್ನೇ ನೆಚ್ಚಬೇಡಿ. ಗುಳಿಗೆ ತಗೊಂಡು ಕರೆ ಮಾಡದವರಿದ್ದಾರೆ, ಗುಳಿಗೆ ತೆಗೆದು ಕರೆ ಮಾಡಿ ನುಂಗದವರೂ ಇದ್ದಾರೆ. ಯಂತ್ರಕ್ಕೆ ಎರಡೂ ತಿಳಿಯುವುದಿಲ್ಲ. ಕೆಲವು ಕಡೆ ಚಿಪ್ ಇರುವ ಗುಳಿಗೆ ಡಬ್ಬಿ ಕೊಡುತ್ತಾರೆ. ಅದು ಹೊತ್ತಿಗೆ ಸರಿಯಾಗಿ ಸದ್ದು ಮಾಡುತ್ತದೆ, ಮುಚ್ಚಳ ತೆರೆದದ್ದನ್ನು ಬರೆದಿಡುತ್ತದೆ. ಅದಕ್ಕೂ ಇದೇ ಮಾತು: ಮುಚ್ಚಳ ತೆರೆದಿದ್ದು ಗೊತ್ತಾಗುತ್ತದೆ, ನುಂಗಿದ್ದು ಗೊತ್ತಾಗುವುದಿಲ್ಲ.

ನುಂಗಿದ್ದೇ ಕಾಣಬೇಕು ಅಂದರೆ ವಿಡಿಯೋ. ವಿಶ್ವ ಆರೋಗ್ಯ ಸಂಸ್ಥೆ 2017ರ ಮಾರ್ಗಸೂಚಿಯಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಅನುಕೂಲ ಇರುವ ಕಡೆ ಎದುರು ಕೂತು ನುಂಗಿಸುವ ಬದಲು ವಿಡಿಯೋದಲ್ಲಿ ನೋಡಬಹುದು. ಮಾಡುವ ಕ್ರಮ ಹೀಗೆ. ಫೋನನ್ನು ಕಿಟಕಿಗೋ ಚೊಂಬಿಗೋ ಒರಗಿಸಿ, ಮುಖದ ಮೇಲೆ ಬೆಳಕು ಬೀಳಲಿ. ರೆಕಾರ್ಡ್ ಒತ್ತಿ ಮೊದಲು ತಾರೀಕು ಹೇಳಿ. ಅಂಗೈಯಲ್ಲಿ ಗುಳಿಗೆ ಇಟ್ಟು ಎಣಿಸಿ ತೋರಿಸಿ, ನುಂಗಿ, ನೀರು ಕುಡಿದು ಬಾಯಿ ತೆರೆದು ತೋರಿಸಿ. ಆಮೇಲೆ ನಿನ್ನೆಯಿಂದ ಹೇಗಿದ್ದೀರಿ ಅಂತ ಎರಡು ಮಾತು ಹೇಳಿ. ಅರ್ಧ ನಿಮಿಷದ ಕೆಲಸ. ಆ ಕೊನೆಯ ಎರಡು ಮಾತು ಬಿಡಬೇಡಿ. ಕಣ್ಣು ಹಳದಿಯಾಗಿದೆಯಾ, ಮುಖ ಬಾಡಿದೆಯಾ ಅನ್ನುವುದೂ ನೋಡುವವರಿಗೆ ಕಾಣುತ್ತದೆ. ಮಿಸ್ಡ್ ಕಾಲಿನಲ್ಲಿ ಅದು ಕಾಣುವುದಿಲ್ಲ.

ವಿಡಿಯೋ ಕಳಿಸುವುದು ಜೊತೆಗಾರರಿಗೆ ಮಾತ್ರ, ಮನೆಯವರ ಗುಂಪಿಗಲ್ಲ. ಗುಂಪಿಗೆ ಹೋದದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಯಾರಿಗೆ ಗೊತ್ತು. ನೋಡಿದ ಮೇಲೆ ಎರಡೂ ಕಡೆ ಅಳಿಸಿ. ವಾಟ್ಸಾಪಿನಲ್ಲಿ ಬಂದದ್ದೆಲ್ಲ ಗ್ಯಾಲರಿಗೆ ಸೇರುವುದನ್ನು ಸೆಟ್ಟಿಂಗ್ಸಿನಲ್ಲಿ ನಿಲ್ಲಿಸಬಹುದು.

ಯಾವುದನ್ನು ಆರಿಸಬೇಕು? ಮೊದಲ ಎರಡು ತಿಂಗಳು ವಿಡಿಯೋ, ಆಮೇಲೆ ಮಿಸ್ಡ್ ಕಾಲ್ ಅಂತ ಹಲವರು ಯೋಚಿಸುತ್ತಾರೆ. ನನ್ನ ಕೇಳಿದರೆ ತಿರುಗಿಸಿ ಹೇಳುತ್ತೇನೆ. ಮೊದಲು ಹೇಗಾದರೂ ತಗೊಳ್ಳುತ್ತಾರೆ. ಬೇಸರ ಬರುವುದು ಮೂರನೇ ತಿಂಗಳಿನಿಂದ, ಮುಖ ನೋಡಿ ಮಾತಾಡಬೇಕಾದ್ದೂ ಆಗಲೇ.

ಹೆಜ್ಜೆ 5: ಒಂದು ದಿನ ತಪ್ಪಿದರೆ

ಅದೇ ದಿನ ನೆನಪಾದರೆ ಆಗಲೇ ತಗೊಳ್ಳಿ, ಸಂಜೆಯಾದರೂ ಚಿಂತೆಯಿಲ್ಲ. ಮರುದಿನ ನೆನಪಾದರೆ ಎರಡು ದಿನದ್ದನ್ನು ಒಟ್ಟಿಗೆ ನುಂಗಬೇಡಿ. ಆ ದಿನದ್ದನ್ನು ಮಾತ್ರ ತಗೊಂಡು, ತಪ್ಪಿದ್ದನ್ನು ಆಶಾಗೆ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ತಪ್ಪಿದಷ್ಟು ದಿನ ಕೊನೆಗೆ ಸೇರಿಸಿ ಪೂರೈಸುತ್ತಾರೆ. ಒಂದು ದಿನ ತಪ್ಪಿದ್ದಕ್ಕೆ ಆಕಾಶ ಕಳಚಿ ಬೀಳುವುದಿಲ್ಲ.

ಎರಡು ದಿನ ಸಾಲಾಗಿ ಸುದ್ದಿ ಬರದಿದ್ದರೆ ಊರಿನ ಜೊತೆಗಾರರು ಮನೆಗೆ ಹೋಗಬೇಕು. ಮೂರನೇ ದಿನಕ್ಕೆ ಟಿ.ಬಿ. ಮೇಲ್ವಿಚಾರಕರಿಗೆ ಫೋನ್ ಹೋಗಬೇಕು. ಇದನ್ನು ಮೊದಲ ದಿನವೇ ರೋಗಿಯ ಎದುರು ಮಾತಾಡಿ ಒಪ್ಪಿಸಿ. ಆಗ ಯಾರಾದರೂ ಬಾಗಿಲಿಗೆ ಬಂದರೆ ಅವಮಾನ ಅನಿಸುವುದಿಲ್ಲ. ಒಂದು ತಿಂಗಳು ಸಾಲಾಗಿ ನಿಂತರೆ ಲೆಕ್ಕವೇ ಬದಲಾಗುತ್ತದೆ. ಚಿಕಿತ್ಸೆ ಬಿಟ್ಟುಹೋದವರು ಅಂತ ದಾಖಲೆಯಾಗಿ, ಮತ್ತೆ ಪರೀಕ್ಷೆ ಮಾಡಿ ಮುಂದಿನದನ್ನು ತೀರ್ಮಾನಿಸಬೇಕಾಗುತ್ತದೆ. ಹಾಗೆ ಬಿಟ್ಟವರು ತಾವಾಗಿ ಹಳೆಯ ಹಾಳೆ ಹುಡುಕಿ ಗುಳಿಗೆ ಶುರುಮಾಡುವುದು ಬೇಡ.

ಹೆಜ್ಜೆ 6: ಮೈಗೆ ಒಗ್ಗದಿದ್ದಾಗ ಯಾರಿಗೆ ಫೋನ್?

ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಬೆವರು, ಕಣ್ಣೀರಿಗೂ ಬಣ್ಣ ಬರಬಹುದು. ಇದು ರಿಫಾಂಪಿಸಿನ್ ಬಣ್ಣ, ಹೆದರಬೇಡಿ. ಮೊದಲ ದಿನವೇ ಹೇಳಿಡದಿದ್ದರೆ ರಕ್ತ ಅಂದುಕೊಂಡು ಗುಳಿಗೆ ನಿಲ್ಲಿಸುವವರಿದ್ದಾರೆ.

ಸಣ್ಣ ಸಂಕಟ, ಗಂಟು ನೋವು, ಪಾದದಲ್ಲಿ ಜುಮುಜುಮು ಅನ್ನುವುದು ಬಂದರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಹೇಳಿ, ಗುಳಿಗೆ ಮುಂದುವರಿಸಿ. ಜುಮುಜುಮುವಿಗೆ ಬಿ6 ವಿಟಮಿನ್ ಕೊಡುತ್ತಾರೆ.

ಇನ್ನು ಕಾಯಬಾರದಂಥವು. ಕಣ್ಣು ಅಥವಾ ಮೈ ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆಯ ಬಲಬದಿ ನೋವು ಬಂದರೆ ಯಕೃತ್ತಿಗೆ ಪೆಟ್ಟಾಗಿರಬಹುದು. ದೃಷ್ಟಿ ಮಂಜಾದರೆ ಅಥವಾ ಕೆಂಪು ಹಸಿರು ಬಣ್ಣ ಗುರುತು ಸಿಗದಿದ್ದರೆ ಎಥಾಂಬುಟಾಲ್ ಕಾರಣವಿರಬಹುದು. ಮೈಯೆಲ್ಲ ಗಂಧೆ ಎದ್ದರೂ ಅಷ್ಟೇ. ಇಂಥ ದಿನ ಮುಂದಿನ ಗುಳಿಗೆ ನುಂಗುವ ಮೊದಲು ಡಾಕ್ಟರನ್ನು ಕಾಣಬೇಕು, ಫೋನಿನಲ್ಲೇ ಮುಗಿಸಬಾರದು. ತೀರಾ ತೊಂದರೆಯಾದರೆ 108. ಕುಡಿತ ಇರುವವರಿಗೆ ಯಕೃತ್ತಿನ ಅಪಾಯ ಜಾಸ್ತಿ. ಜೊತೆಗಾರರು ಅದನ್ನು ಕೇಳಲು ನಾಚಬಾರದು, ಕೇಳಿ ಬೈಯಲೂಬಾರದು.

ಯಾವುದು ಯಾವಾಗ ಬಂತು ಅಂತ ಫೋನಿನಲ್ಲೇ ಧ್ವನಿ ಸಂದೇಶ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯ ಸಾಲಿನಲ್ಲಿ ನಿಂತು ಡಾಕ್ಟರ ಎದುರು ಹೋಗುವಷ್ಟರಲ್ಲಿ ಅರ್ಧ ಮರೆತಿರುತ್ತದೆ.

ಬೋಟಿಗೆ, ಗೋವೆಗೆ, ಕಾಡಿನ ಊರಿಗೆ

ಬೈತಖೋಲ, ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಿಂದ ಆಳಸಮುದ್ರಕ್ಕೆ ಹೋಗುವ ಬೋಟುಗಳು ಎಷ್ಟೋ ಸಲ ವಾರಗಟ್ಟಲೆ ದಡಕ್ಕೆ ಬರುವುದಿಲ್ಲ. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಫೋನ್ ಸತ್ತ ಹಾಗೆ. ಆದರೆ ಅಲಾರಾಂ ಹೊಡೆಯುತ್ತದೆ, ಕ್ಯಾಮೆರಾ ನಡೆಯುತ್ತದೆ. ದಿನವೂ ತಾರೀಕು ಹೇಳಿ ವಿಡಿಯೋ ಮಾಡಿ ವಾಟ್ಸಾಪಿನಲ್ಲಿ ಕಳಿಸಲು ಒತ್ತಿಬಿಡಿ. ಗಡಿಯಾರದ ಗುರುತು ತೋರಿಸುತ್ತಾ ಅದು ಅಲ್ಲೇ ಕಾಯುತ್ತದೆ, ದಡದ ಸಿಗ್ನಲ್ ಸಿಕ್ಕಾಗ ಹೊರಡುತ್ತದೆ. ಜೊತೆಗಾರರಿಗೆ ಬೋಟು ಯಾವತ್ತು ಹೊರಡುತ್ತದೆ, ಸುಮಾರು ಯಾವಾಗ ಬರುತ್ತದೆ ಅಂತ ಮೊದಲೇ ಹೇಳಿ ಹೋಗಿ.

ಗುಳಿಗೆಯನ್ನು ಹೋಗುವ ದಿನಗಳಿಗಿಂತ ಒಂದು ವಾರ ಜಾಸ್ತಿ ಇಟ್ಟುಕೊಳ್ಳಿ. ಗಾಳಿ ಎದ್ದರೆ ಬೋಟು ಬೇರೆ ಬಂದರಿಗೆ ಹೋಗಿ ನಿಲ್ಲುವುದು ಹೊಸತಲ್ಲ. ಆರೋಗ್ಯ ಕೇಂದ್ರದಲ್ಲಿ ಕಾರಣ ಹೇಳಿ ಮೊದಲೇ ಕೇಳಿ. ಹಾಳೆಯಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ, ಉಪ್ಪುಗಾಳಿಗೆ ಹಾಳಾಗುತ್ತವೆ. ಹಾಳೆ ಸಮೇತ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ಸಾಧ್ಯವಾದರೆ ಬೋಟು ನಡೆಸುವ ತಾಂಡೇಲರೊಬ್ಬರಿಗೆ ವಿಷಯ ಹೇಳಿ. ಹೇಳುವ ಮೊದಲು ಡಾಕ್ಟರನ್ನು ಕೇಳಬೇಕಾದ್ದು ಒಂದಿದೆ: ಬೋಟಿನ ಸಣ್ಣ ಕೋಣೆಯಲ್ಲಿ ಎಲ್ಲರ ಜೊತೆ ಮಲಗುವಷ್ಟು ಹರಡುವ ಭಯ ಕಳೆದಿದೆಯಾ? ಅದಕ್ಕೆ ಉತ್ತರ ಸಿಗದೆ ಬೋಟು ಹತ್ತಬೇಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆ ಹೊತ್ತಿಗೆ ಚಿಕಿತ್ಸೆ ಶುರುವಾದವರಿಗೆ ಮೊದಲ ಎರಡು ತಿಂಗಳು ಮನೆಯಲ್ಲೇ ಆರಾಮಾಗಿ ಕಳೆಯುತ್ತದೆ. ಆಗಸ್ಟಿನಲ್ಲಿ ಬೋಟು ಇಳಿದಾಗಲೇ ತಪ್ಪುವ ಭಯ. ಜುಲೈ ಕೊನೆಯ ವಾರಕ್ಕೆ ಫೋನಿನ ಕ್ಯಾಲೆಂಡರಿನಲ್ಲಿ ಒಂದು ನೆನಪು ಹಾಕಿಡಿ.

ಕಾರವಾರದಿಂದ ಗೋವೆಗೆ ದಿನವೂ ಹೋಗಿ ಬರುವವರಿಗೆ ದೊಡ್ಡ ತೊಂದರೆಯಿಲ್ಲ, ರೈಲು ಹಿಡಿಯುವ ಮೊದಲು ಮನೆಯಲ್ಲೇ ಗುಳಿಗೆ ಮುಗಿಸಿದರಾಯಿತು. ಅಲ್ಲೇ ಉಳಿಯುವವರು ಹೊರಡುವ ಮೊದಲು ಟಿ.ಬಿ. ಮೇಲ್ವಿಚಾರಕರಿಗೆ ಫೋನ್ ಮಾಡಿ ನಿಕ್ಷಯ್‌ನಲ್ಲಿ ಅಲ್ಲಿನ ಆಸ್ಪತ್ರೆಗೆ ವರ್ಗ ಮಾಡಿಸಿಕೊಳ್ಳಿ. ಸಿಮ್ ಬದಲಿಸಿದರೆ ಹೊಸ ನಂಬರು ತಿಳಿಸಿ.

ಜೋಯಿಡಾ, ಯಲ್ಲಾಪುರದ ಒಳಗಿನ ಊರುಗಳಲ್ಲಿ ಸಿಗ್ನಲ್ ಸಿಗುವ ಗುಡ್ಡ ಅಥವಾ ಮರದ ಬುಡ ಎಲ್ಲರಿಗೂ ಗೊತ್ತಿರುತ್ತದೆ. ದಿನವೂ ಅಲ್ಲಿಗೆ ಹತ್ತು ಅನ್ನುವುದು ಆಗುವ ಕೆಲಸವಲ್ಲ. ವಾರಕ್ಕೆ ಎರಡು ದಿನ ಗೊತ್ತುಮಾಡಿ, ಆ ದಿನ ಖಾಲಿಯಾದ ಹಾಳೆಯ ಫೋಟೋ ಕಳಿಸಲಿ. ಉಳಿದ ದಿನ ಗೋಡೆಯ ಗೆರೆ, ಮನೆಯವರ ಕಣ್ಣು. ಕರೆ ಹೋಗದ ಕಡೆ ಎಸ್ಸೆಮ್ಮೆಸ್ಸು ಹೋಗುವುದುಂಟು, ಅದನ್ನೂ ನೋಡಿ.

ರಿಚಾರ್ಜು ಮತ್ತು ಪೋಷಣೆಯ ದುಡ್ಡು

ಚಿಕಿತ್ಸೆಯಲ್ಲಿ ತಿಂಗಳು ಅಂದರೆ 28 ದಿನ. ಆರು ತಿಂಗಳಿಗೆ 168 ದಿನದ ಗುಳಿಗೆ. ಪ್ರಿಪೇಯ್ಡ್ ರಿಚಾರ್ಜುಗಳೂ ಹೆಚ್ಚಾಗಿ 28 ದಿನದವೇ! ಗುಳಿಗೆ ಶುರುವಾದ ದಿನವೇ ರಿಚಾರ್ಜು ಮಾಡಿಸಿದರೆ ಕಂಪನಿಯವರು ಕಳಿಸುವ "ನಿಮ್ಮ ಪ್ಲಾನ್ ಮುಗಿಯುತ್ತಿದೆ" ಅನ್ನುವ ಮೆಸೇಜು ಬಂದಾಗ ಗುಳಿಗೆ ತರುವ ಹೊತ್ತೂ ಬಂತು ಅಂತ ಲೆಕ್ಕ. ಪ್ಲಾನ್ ಮುಗಿದರೆ ಮಿಸ್ಡ್ ಕಾಲೂ ಹೋಗುವುದಿಲ್ಲ. ದೂರದ ಮಕ್ಕಳು ಬೇರೇನೂ ಮಾಡಲಾಗದಿದ್ದರೂ ಈ ರಿಚಾರ್ಜು ನೋಡಿಕೊಳ್ಳಬಹುದು.

ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟೋಪಚಾರಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. 2018ರಲ್ಲಿ ಶುರುವಾದಾಗ 500 ಇತ್ತು, 2024ರ ನವೆಂಬರಿನಿಂದ ಏರಿಸಿದರು. ಶುರುವಿನಲ್ಲಿ 3,000, ಚಿಕಿತ್ಸೆಯ 84 ದಿನವಾದ ಮೇಲೆ ಇನ್ನೊಂದು 3,000 ಅಂತ ಎರಡು ಕಂತು. 84ನೇ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬರದಿದ್ದರೆ ನಿಕ್ಷಯ್ ಐಡಿ ಹಿಡಿದು ಸಹಾಯವಾಣಿಗೆ ಕೇಳಿ. ಈ ದುಡ್ಡಿನ ಹೆಸರು ಹೇಳಿ ಯಾರಾದರೂ ಫೋನಿನಲ್ಲಿ ಒಟಿಪಿ ಕೇಳಿದರೆ ಕೊಡಬೇಡಿ, ಕಳಿಸಿದ ಲಿಂಕ್ ಒತ್ತಬೇಡಿ.

ಗುಟ್ಟು ಕಾಯುವುದು

ಒಂದೇ ಫೋನ್ ಇಡೀ ಮನೆಗೆ ಇರುವಲ್ಲಿ, ಅದರಲ್ಲೂ ಮದುವೆಯಾಗದ ಹುಡುಗಿಯರ ವಿಷಯದಲ್ಲಿ, ಇದು ಸಣ್ಣ ಮಾತಲ್ಲ. ಅಲಾರಾಂಗೆ 'ಟಿ.ಬಿ. ಗುಳಿಗೆ' ಅಂತ ಹೆಸರು ಕೊಡಬೇಡಿ, 'ನೀರು ಬಿಡು' ಅಂತ ಕೊಡಿ. ಮೆಸೇಜಿನಲ್ಲಿ "ಅಕ್ಕ, ಚಾ ಆಯ್ತಾ?" ಅಂದರೆ ಸಾಕು, ಕೇಳುವವರಿಗೂ ಹೇಳುವವರಿಗೂ ಗೊತ್ತು. ಆಶಾ ನಂಬರನ್ನು ಬರೀ ಹೆಸರಿನಿಂದ ಉಳಿಸಿ. ಫೋನ್ ಬೇರೆಯವರ ಕೈಯಲ್ಲಿದ್ದರೆ ಆರೋಗ್ಯ ಸಿಬ್ಬಂದಿ ಏನು ಹೇಳಬೇಕು, ಏನು ಹೇಳಬಾರದು ಅಂತ ಮೊದಲೇ ತಿಳಿಸಿ. ಯಾರಿಗೆ ಹೇಳಬೇಕು ಅನ್ನುವುದನ್ನು ರೋಗಿಯೇ ತೀರ್ಮಾನಿಸಲಿ.

ಮನೆಯೊಳಗಿನವರ ವಿಷಯ ಬೇರೆ. ಜೊತೆಯಲ್ಲಿ ಇರುವವರೆಲ್ಲ ಪರೀಕ್ಷೆ ಮಾಡಿಸಬೇಕು, ಹಾಗಾಗಿ ಅವರಿಗೆ ಗೊತ್ತಾಗಲೇಬೇಕು. ಕಾಯಿಲೆ ಇಲ್ಲದವರಿಗೂ ಮುಂಜಾಗ್ರತೆಯ ಗುಳಿಗೆ ಕೊಡಬಹುದು. ಅದರಲ್ಲಿ ಒಂದು ಬಗೆ ವಾರಕ್ಕೊಮ್ಮೆಯಂತೆ 12 ವಾರ. ದಿನದ ಗುಳಿಗೆಗಿಂತ ವಾರದ ಗುಳಿಗೆ ಮರೆಯುವುದು ಸುಲಭ. ಕಾರವಾರದ ಕಡೆಯವರು ಭಾನುವಾರದ ಸಂತೆಗೆ ಅದನ್ನು ಕಟ್ಟಿಕೊಳ್ಳಬಹುದು, ವಾರದ ಅಲಾರಾಂ ಸಂತೆಗೆ ಹೊರಡುವ ಮೊದಲೇ ಹೊಡೆಯಲಿ.

ಕ್ಯಾಲೆಂಡರಿನಲ್ಲಿ ಈಗಲೇ ಹಾಕಬೇಕಾದ ದಿನಗಳು

ಎರಡು ತಿಂಗಳು ಮುಗಿದಾಗ ಕಫ ಪರೀಕ್ಷೆ. ಅದೇ ಹೊತ್ತಿಗೆ ಗುಳಿಗೆ ಬದಲಾಗುತ್ತದೆ. ಹಳೆಯ ಹಾಳೆ ಉಳಿದಿದ್ದರೆ ವಾಪಸು ಕೊಡಿ, ಹೊಸ ಹಾಳೆಯ ಫೋಟೋ ತೆಗೆಯಿರಿ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ, ಏರಿದ್ದರೆ ಗುಳಿಗೆಯ ಸಂಖ್ಯೆ ಬದಲಾಗಬೇಕಾ ಅಂತ ಕೇಳಿ. ಚಿಕಿತ್ಸೆಯ ಕೊನೆಗೆ ಮತ್ತೆ ಕಫ ಪರೀಕ್ಷೆ. ಆ ವರದಿ ಕೈಗೆ ಬಂದು, ಡಾಕ್ಟರು ನಿಲ್ಲಿಸಿ ಅನ್ನುವವರೆಗೆ ಅಲಾರಾಂ ತೆಗೆಯಬೇಡಿ.

ಗುಣವಾದ ಮೇಲೂ ಎರಡು ವರ್ಷ, ಆರು ತಿಂಗಳಿಗೊಮ್ಮೆ ಹೋಗಿ ತೋರಿಸಿಕೊಳ್ಳಬೇಕು. ಅಂದರೆ 6, 12, 18, 24ನೇ ತಿಂಗಳು. ನಾಲ್ಕನ್ನೂ ಒಂದೇ ಕೂತಲ್ಲಿ ಹಾಕಿ, ರೋಗಿಯ ಫೋನಿನಲ್ಲೂ ಜೊತೆಗಾರರ ಫೋನಿನಲ್ಲೂ. ಎರಡು ವರ್ಷದಲ್ಲಿ ಒಂದು ಫೋನಾದರೂ ನೀರಿಗೆ ಬಿದ್ದಿರುತ್ತದೆ.